ಅಲಿಫ್ ಆನೆ, ಬೇ ಆನೆ, ತೇ ಆನೆ

ನನ್ನ ಹತ್ತಿರ 38 ಆನೆಗಳಿವೆ. ಎಲ್ಲವೂ ಸೇರಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಿಡಿಸುತ್ತವೆ. ಮೇವು ನೀರು ಕೇಳುವುದಿಲ್ಲ, ಮಳೆಗಾಲಕ್ಕೆ ಎರಡು ಪೊಟ್ಟಣ ಸಿಲಿಕಾ ಜೆಲ್ ಇಟ್ಟರೆ ಸಾಕು. ಬಹುಪಾಲು ಟಿಪ್ಪು ಸುಲ್ತಾನನ ಕಾಲದ, ಆನೆ ಚಿತ್ರದ ತಾಮ್ರದ ಪೈಸೆಗಳು ಇವು. ನಮ್ಮ ಮಂಡ್ಯದ ಕಡೆ ಹಳಬರು ಆನೆ ಕಾಸು ಅಂತಲೇ ಅನ್ನುತ್ತಿದ್ದರು. ಡಬ್ಬಿ ತೆರೆದು ತೋರಿಸಿದರೆ ಬಂದವರು ಕೇಳುವ ಮೊದಲನೇ ಮಾತು ಒಂದೇ: "ಇದುಕ್ಕೀಗ ಎಷ್ಟ್ ಬತ್ತದೆ ಸಾ?"

ಏನೂ ಬರಲ್ಲ ಅಂದುಬಿಡುತ್ತೇನೆ. ಅದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಡಬ್ಬಿ ಸಮೇತ ಮಾರಿದರೆ ಹಳೇ ಮೊಪೆಡ್ಡು ಒಂದು ಬಂದೀತು. ನನ್ನ ಆನೆಗಳಲ್ಲಿ ಮುಕ್ಕಾಲು ಪಾಲು ಸವೆದವು, ಅಂಚು ಜಜ್ಜಿದವು. ಒಂದಕ್ಕಂತೂ ಬಾಲದ ಹತ್ತಿರ ತೂತೇ ಇದೆ. ಯಾವ ತಾಯಿ ಯಾವ ಮಗುವಿನ ಉಡಿದಾರಕ್ಕೆ ಪೋಣಿಸಿದ್ದಳೋ. ವ್ಯಾಪಾರಿಗಳ ಲೆಕ್ಕದಲ್ಲಿ ತೂತು ಬಿದ್ದ ನಾಣ್ಯ ಅಂದರೆ ಗುಜರಿ. ನನಗೆ ಆ ತೂತಿನ ಒಳಮೈ ನುಣುಪಾಗಿರುವುದೇ ಚೆಂದ. ದಾರ ಅದರಲ್ಲಿ ಎಷ್ಟು ವರ್ಷ ಓಡಾಡಿರಬೇಕು!

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಪ್ರತಿವರ್ಷ ಒಂಬತ್ತನೇ ತರಗತಿಯ ಮಕ್ಕಳನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರು ಕಾಳಗದ ಚಿತ್ರ ಇದೆಯಲ್ಲ, ಅದರ ಮುಂದೆ ಕೂರಿಸಿ ಕುದುರೆ, ಆನೆ ಬರೆಸುವುದು. ಕುದುರೆ ಯಾರಿಗೂ ಬರುತ್ತಿರಲಿಲ್ಲ, ಆನೆ ಎಲ್ಲರಿಗೂ ಬರುತ್ತಿತ್ತು. ಅಥವಾ ಬಂತು ಅಂದುಕೊಳ್ಳುತ್ತಿದ್ದರು. 2006ರಲ್ಲಿ ಹಾಗೆ ಹೋದಾಗ ಗೇಟಿನಾಚೆ ಒಬ್ಬ ಮುದುಕಪ್ಪ ಟವೆಲ್ ಹಾಸಿಕೊಂಡು ಕೂತಿದ್ದ. ಟವೆಲ್ಲಿನ ಮೇಲೆ ಬೀಗ, ಹಿತ್ತಾಳೆ ಗಂಟೆ, ಒಂದಷ್ಟು ಕಾಸು. ಕರ್ರಗಿನ ಒಂದು ದಪ್ಪ ಬಿಲ್ಲೆ ಕೈಗೆ ತಗೊಂಡೆ. ಬಿಸಿಲಿಗೆ ಓರೆಯಾಗಿ ಹಿಡಿದಾಗ ಕಪ್ಪಿನೊಳಗಿಂದ ಒಂದು ಬೆನ್ನು ಎದ್ದಿತು. ಬೆನ್ನು ಮಾತ್ರ. ಆಮೇಲೆ ತಲೆ, ಆಮೇಲೆ ಕೆಳಗಿಳಿದು ತುದಿಯಲ್ಲಿ ಸುರುಳಿಯಾದ ಸೊಂಡಿಲು. ಅರವತ್ತು ರೂಪಾಯಿ ಅಂದ, ಕೊಟ್ಟೆ. ಚೌಕಾಸಿ ಮಾಡಲಿಲ್ಲ ಅಂತ ಮಕ್ಕಳು ವ್ಯಾನಿನಲ್ಲಿ ನಕ್ಕರು.

ಮನೆಗೆ ಬಂದು ನಾನು ಮಾಡಿದ ಕೆಲಸ ಹೇಳಿಕೊಳ್ಳಲು ಇವತ್ತಿಗೂ ನಾಚಿಕೆ. ನಮ್ಮ ಮನೆಯಲ್ಲಿ ತಾಮ್ರ ಅಂದರೆ ಹುಣಸೆಹಣ್ಣು. ಹಂಡೆ ಇರಲಿ, ಚೊಂಬು ಇರಲಿ, ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದರೆ ಥಳಥಳ. ಈ ಆನೆಗೂ ಅದೇ ಸ್ನಾನ ಮಾಡಿಸಿದೆ. ಐದೇ ನಿಮಿಷಕ್ಕೆ ಕಪ್ಪೆಲ್ಲ ಇಳಿದು ಕಾಸು ಹಸುಗೂಸಿನ ಅಂಗಾಲಿನ ಹಾಗೆ ಕೆಂಪಗಾಯಿತು. ಜೊತೆಗೆ ಆನೆಯೂ ಹೋಯಿತು. ಆ ಕಪ್ಪು ಕೊಳೆಯಲ್ಲ. ಇನ್ನೂರು ವರ್ಷ ಗಾಳಿ, ಮಣ್ಣು, ಬೆವರು ತಾಕಿ ತಾಮ್ರವೇ ಹೊದ್ದ ಚರ್ಮ ಅದು. ಗುಂಡಿಯಲ್ಲಿ ಗಾಢ, ಉಬ್ಬಿದ ಕಡೆ ತೆಳು, ಹಾಗಿರುವುದರಿಂದಲೇ ಚಿತ್ರ ಕಣ್ಣಿಗೆ ಕಾಣುವುದು. ನೆರಳು ಬೆಳಕು ಅಂತ ಮೂವತ್ತು ವರ್ಷ ಬೋರ್ಡಿನ ಮೇಲೆ ಪಾಠ ಮಾಡಿದವನು, ಕೈಯಾರೆ ನೆರಳನ್ನು ತಿಕ್ಕಿ ತೊಳೆದಿದ್ದೆ. ನನ್ನ ಹೆಂಡತಿ ನೋಡಿ, "ಚೆನ್ನಾಗ್ ಬಂತಲ್ರೀ, ಹೊಸದರ ಹಂಗೆ" ಅಂದಳು. ಅದೇ ಆಗಿದ್ದು.

ಆ ಕೆಂಪು ಆನೆಯನ್ನು ಬಿಸಾಡಲಿಲ್ಲ. ಡಬ್ಬಿಯಲ್ಲಿ ಅದರದು ಮೊದಲನೇ ಜಾಗ. ಈಗೀಗ ಕಂದು ಬಣ್ಣಕ್ಕೆ ತಿರುಗುತ್ತಿದೆ. ಇನ್ನೊಂದು ನೂರು ವರ್ಷ ಕೊಟ್ಟರೆ ಸರಿಹೋಗಬಹುದು.

ಈ ಖಯಾಲಿ ನಿಜವಾಗಿ ಹತ್ತಿದ್ದು ಪೆನ್ಸಿಲ್ಲಿನಿಂದ. ಚಿಕ್ಕವರಿದ್ದಾಗ ಕಾಸಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಿದ್ದೆವಲ್ಲ, ಅದೇ ಆಟ. ಬಟರ್ ಪೇಪರು ಇಟ್ಟು, ಮೆತ್ತನೆ ಪೆನ್ಸಿಲ್ಲನ್ನು ಪೂರಾ ಓರೆ ಮಾಡಿ, ಉಸಿರು ಹಿಡಿದು ಒಂದೇ ದಿಕ್ಕಿಗೆ ಉಜ್ಜಬೇಕು. ಕಣ್ಣಿಗೆ ಸಪಾಟು ಅನ್ನಿಸುವ ಸವೆದ ಕಾಸಿನಿಂದಲೂ ಕಾಗದದ ಮೇಲೆ ಏನೋ ಒಂದು ಏಳುತ್ತದೆ: ಕಿವಿಯ ಅಂಚು, ಹೊಟ್ಟೆ ಕೆಳಗಿನ ಹಗ್ಗ, ಸುತ್ತಲಿನ ಚುಕ್ಕಿ ಸಾಲು. ಒಂದೊಂದು ಕಾಸಿಗೂ ಒಂದೊಂದು ಹಾಳೆ. ತಾರೀಕು, ಎಲ್ಲಿ ಸಿಕ್ಕಿತು, ತೂಕ ಎಷ್ಟು ಅಂತ ಕೆಳಗೆ ಬರೆಯುತ್ತೇನೆ, ಬೆಲೆ ಬರೆಯುವುದಿಲ್ಲ. ತೂಕಕ್ಕೆ ನಮ್ಮ ಬೀದಿಯ ಅಕ್ಕಸಾಲಿಗರ ತಕ್ಕಡಿ. ಒಂದು ಪೈಸೆ ಹನ್ನೊಂದು ಗ್ರಾಮಿನ ಮೇಲೆ ಸ್ವಲ್ಪ ಬರುತ್ತದೆ, ಜೋಡಿ ಪೈಸೆ ಅದರ ಎರಡರಷ್ಟು, ಅರ್ಧ, ಕಾಲು, ಅರೆಕಾಲು ಹೀಗೆ ಇಳಿಯುತ್ತದೆ. ಅರೆಕಾಲಿನ ಮೇಲಿನ ಆನೆ ಹೆಸರುಕಾಳಿಗಿಂತ ಒಂದು ಚೂರು ದೊಡ್ಡದು. ಅದಕ್ಕೂ ಬಾಲ ಇದೆ, ಕಣ್ಣಿದೆ.

ಹಿಂದಿನ ಮಗ್ಗುಲಿನ ಬರಹ ಫಾರ್ಸಿ. ಅದನ್ನು ಓದಿಸಲು ನಮ್ಮ ಉರ್ದು ಮೇಷ್ಟ್ರ ಹತ್ತಿರ ಹೋದೆ. ಸ್ಟಾಫ್ ರೂಮಿನಲ್ಲಿ ಕನ್ನಡಕ ಮೇಲೇರಿಸಿ, ಕಾಸನ್ನು ಮೂಗಿನ ಹತ್ತಿರ ಹಿಡಿದು, "ಜರ್ಬ್... ಪಟನ್" ಅಂದರು. ಜರ್ಬ್ ಅಂದರೆ ಅಚ್ಚು ಹೊಡೆದದ್ದು, ಪಟನ್ ಅಂದರೆ ಶ್ರೀರಂಗಪಟ್ಟಣ. ಆಮೇಲೆ ಇಸವಿ ನೋಡಿ ಸುಮ್ಮನಾಗಿಬಿಟ್ಟರು. "ಮೇಷ್ಟ್ರೇ, ಇದು 8121 ಅಂತ ಇದೆ. ಈ ಆನೆ ಹುಟ್ಟೋಕೆ ಇನ್ನೂ ಬಹಳ ಕಾಲ ಇದೆ."

ಇಬ್ಬರಿಗೂ ತಲೆ ಕೆಟ್ಟಿತು. ಅರಬ್ಬಿ, ಫಾರ್ಸಿ ಬರಹ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ಮಾತ್ರ ನಮ್ಮ ಹಾಗೆಯೇ ಎಡದಿಂದ ಬಲಕ್ಕೆ ಬರೆಯುತ್ತಾರೆ. ಜೆ.ಆರ್. ಹೆಂಡರ್ಸನ್ ಅನ್ನುವವರು ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಮೇಲೆ 1921ರಲ್ಲಿ ಬರೆದ ಪುಸ್ತಕದ ಪ್ರತಿ ಕೈಗೆ ಬಂದ ಮೇಲೆ ಗುಟ್ಟು ಬಿಚ್ಚಿತು. ಟಿಪ್ಪು 1787ರಲ್ಲಿ ಹಿಜರಿ ಬಿಟ್ಟು ಮೌಲೂದಿ ಅಂತ ಹೊಸ ಶಕೆ ಶುರು ಮಾಡಿದ. ಪೈಗಂಬರರ ಹುಟ್ಟಿನಿಂದ ಎಣಿಸುವ ಲೆಕ್ಕ ಅದು. ಅಷ್ಟಕ್ಕೇ ಬಿಡದೆ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. 8121 ಅಂದರೆ 1218, ನಮ್ಮ ಲೆಕ್ಕದಲ್ಲಿ 1790ರ ಆಸುಪಾಸು. ಹೆಸರುಗಳಲ್ಲೂ ಅವನದೇ ದಾರಿ. ಚಿನ್ನ ಬೆಳ್ಳಿ ನಾಣ್ಯಗಳಿಗೆ ಖಲೀಫರ, ಇಮಾಮರ ಹೆಸರು. ಬಡವರ ಸೊಂಟದ ಸಂಚಿಯ ತಾಮ್ರಕ್ಕೆ ಆಕಾಶದ ಹೆಸರು. ಪೈಸೆ ಜೊಹ್ರಾ, ಅಂದರೆ ಶುಕ್ರ. ಅರ್ಧ ಪೈಸೆ ಬಹ್ರಾಮ್, ಮಂಗಳ. ಕಾಲು ಪೈಸೆ ಅಖ್ತರ್, ನಕ್ಷತ್ರ. ಅರೆಕಾಲು ಕುತುಬ್, ಧ್ರುವ. ಜೋಡಿ ಪೈಸೆಗೆ ಮೊದಲು ಉಸ್ಮಾನಿ ಅಂತ ಇದ್ದದ್ದು ಆಮೇಲೆ ಮುಷ್ತರಿ ಆಯಿತು, ಗುರುಗ್ರಹ. ಒಂದು ಕಾಸು ಅರಿಶಿನಕ್ಕೆ ಶುಕ್ರನನ್ನು ಕೊಟ್ಟು ಚಿಲ್ಲರೆಗೆ ಮಂಗಳನನ್ನು ತಗೊಂಡು ಬರುವ ಸಂತೆಯನ್ನು ಯೋಚನೆ ಮಾಡಿ.

ಉರ್ದು ಮೇಷ್ಟ್ರಿಗೆ ಎಲ್ಲಕ್ಕಿಂತ ಇಷ್ಟವಾದದ್ದು 1221ರ ಕಾಸು. ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ. "ಆ ವರ್ಷ ಟಂಕಸಾಲೆಯವರಿಗೆ ಬಯ್ಗುಳ ತಪ್ಪಿರುತ್ತೆ ಬಿಡಿ" ಅಂದರು. ಅವರು ನಿವೃತ್ತರಾದ ದಿನ ಹಾರದ ಜೊತೆ ಅದನ್ನೇ ಕೊಟ್ಟೆ. ನನ್ನ ಡಬ್ಬಿಯಿಂದ ಹೊರಗೆ ಹೋದ ಆನೆ ಅದೊಂದೇ.

ಇನ್ನು ಆನೆಗಳ ವಿಷಯ. ಹೊರಗಿನವರಿಗೆ ಎಲ್ಲವೂ ಒಂದೇ ಥರ. ಇಪ್ಪತ್ತು ಅಚ್ಚು ತೆಗೆದ ಮೇಲೆ ನನಗೆ ಕೈಗಳು ಗುರುತು ಸಿಗತೊಡಗಿದವು. ಶ್ರೀರಂಗಪಟ್ಟಣದ ಟಂಕಸಾಲೆಯಲ್ಲದೆ ಮಲೆನಾಡಿನ ನಗರ ಅನ್ನುವ ಊರಿನಲ್ಲಿ (ಹಳೇ ಬಿದನೂರು), ಚಿತ್ರದುರ್ಗದಲ್ಲಿ, ಬೆಂಗಳೂರಿನಲ್ಲಿ, ಅತ್ತ ಆಂಧ್ರದ ಗುತ್ತಿಯಲ್ಲಿ, ಕಲ್ಲಿಕೋಟೆ ಪಕ್ಕದ ಫರೂಕಿಯಲ್ಲಿ, ಹೀಗೆ ಕಡೆಕಡೆಯಲ್ಲಿ ಪೈಸೆ ಹೊಡೆಯುತ್ತಿದ್ದರು. ಅಚ್ಚು ಕೊರೆದವರ ಹೆಸರು ಎಲ್ಲೂ ಇಲ್ಲ, ಅವರ ಕೈ ಮಾತ್ರ ಇದೆ. ಕೆಲವು ಆನೆ ಎಡಕ್ಕೆ ಮುಖ, ಕೆಲವು ಬಲಕ್ಕೆ. ಜೋಡಿ ಪೈಸೆಯ ಕೆಲವು ಆನೆಗಳಿಗೆ ಬೆನ್ನ ಮೇಲೆ ಬಾವುಟ. ಸೊಂಡಿಲು ಎತ್ತಿದ್ದು, ಇಳಿಸಿದ್ದು. ಬಾಲ ಜೋಲು ಬಿಟ್ಟದ್ದು, ನೆಟ್ಟಗೆ ನಿಂತದ್ದು.

ನಾನು ಮೊದಲು ನೋಡುವುದು ಹಿಂಗಾಲು. ಮಕ್ಕಳಿಗೆ ಆನೆ ಬರೆಸುವಾಗ ದಿನಾ ಬಯ್ಯುತ್ತಿದ್ದ ತಪ್ಪು ಅದು. ಹಸುವಿನ ಹಿಂಗಾಲು ನಡುವೆ ಹಿಂದಕ್ಕೆ ಮುರಿದಂತೆ ಕಾಣುತ್ತದೆ. ಆನೆಯದು ಹಾಗಲ್ಲ. ಅದರ ಮೊಣಕಾಲು ತೀರಾ ಕೆಳಗಿದ್ದು ನಮ್ಮದರಂತೆ ಮುಂದಕ್ಕೆ ಬಾಗುತ್ತದೆ, ಸಡಿಲ ಪೈಜಾಮ ಹಾಕಿದ ಮುದುಕನ ಕಾಲಿನ ಹಾಗೆ. ಕೆಲವು ಅಚ್ಚಿನಲ್ಲಿ ಆ ಪೈಜಾಮ ಎಷ್ಟು ಚೆನ್ನಾಗಿ ಬಂದಿದೆ ಅಂದರೆ, ಕೊರೆದವನು ಆನೆ ಲಾಯದ ಪಕ್ಕದಲ್ಲೇ ಬಿಡಾರ ಮಾಡಿದ್ದಿರಬೇಕು. ಇನ್ನು ಕೆಲವರು ಹಸುವಿಗೆ ಸೊಂಡಿಲು ಅಂಟಿಸಿ ಕೈ ತೊಳೆದುಕೊಂಡಿದ್ದಾರೆ. ಒಂದರಲ್ಲಂತೂ ಸೊಂಡಿಲು ಹಂದಿಯ ಮೂತಿಯಷ್ಟೇ ಉದ್ದ.

ಹಂದಿ ಅಂದಾಗ ಐದನೇ ಜಾರ್ಜನ ರೂಪಾಯಿ ನೆನಪಾಗುತ್ತದೆ. 1911ರಲ್ಲಿ ಹೊಡೆದ ಬೆಳ್ಳಿ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲೆ ಒಂದು ಸಣ್ಣ ಆನೆ ಇದೆ. ಸೊಂಡಿಲು ಗಿಡ್ಡವಾಗಿ ಅದು ಹಂದಿಯ ಹಾಗೆ ಕಾಣುತ್ತದೆ ಅಂತ ಜನ ಗಲಾಟೆ ಮಾಡಿ, ಸರ್ಕಾರ ಆ ರೂಪಾಯಿಗಳನ್ನು ವಾಪಸು ತಗೊಂಡು, 1912ರಿಂದ ಸೊಂಡಿಲು ಉದ್ದ ಮಾಡಿ ಮತ್ತೆ ಹೊಡೆಯಿತು. ಮೈಸೂರಿನ ಗೆಳೆಯರೊಬ್ಬರು ಎರಡನ್ನೂ ಅಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ತೋರಿಸಿದರು. ಅಕ್ಕಿಕಾಳಿನಷ್ಟು ಚಿತ್ರ, ಅದರಲ್ಲಿ ಎಳ್ಳಿನಷ್ಟು ತಪ್ಪು, ಅದಕ್ಕೆ ಒಂದು ಸಾಮ್ರಾಜ್ಯ ತಲೆ ಕೆಡಿಸಿಕೊಂಡಿತ್ತು. ನನ್ನ ತಾಮ್ರದ ಹಂದಿಮೂತಿ ಆನೆ ಬಗ್ಗೆ ಯಾರೂ ದೂರು ಕೊಟ್ಟಂತಿಲ್ಲ.

ಮೋಸ ಹೋಗಿದ್ದೂ ಉಂಟು. ಯಾತ್ರಾಸ್ಥಳವೊಂದರ ಅಂಗಡಿಯಲ್ಲಿ 1818ನೇ ಇಸವಿಯ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಅಂತ ಹನುಮಂತನ ಚಿತ್ರ ಇದ್ದದ್ದನ್ನು ಎಂಟುನೂರು ಕೊಟ್ಟು ತಂದೆ. ಕಂಪನಿಯವರು ಅಂಥದ್ದನ್ನು ಹೊಡೆಯಲೇ ಇಲ್ಲ. ಅವು ಜಾತ್ರೆಯಲ್ಲಿ ಮಾರುವ ಬಿಲ್ಲೆಗಳು. ರಾಮಪಟ್ಟಾಭಿಷೇಕದ್ದು, ಲಕ್ಷ್ಮಿಯದು ಎಲ್ಲ ಸಿಗುತ್ತವೆ. ಹಾಗೆಯೇ ಒಮ್ಮೆ ಒಂದು ಆನೆ ಪೈಸೆ. ಚಿತ್ರ ಬಹಳ ಚೊಕ್ಕ, ಚುಕ್ಕಿ ಒಂದೂ ತಪ್ಪಿಲ್ಲ. ಅಕ್ಕಸಾಲಿಗರು ತಕ್ಕಡಿಗೆ ಹಾಕುವ ಮೊದಲೇ ಕಲ್ಲಿನ ಮೇಲೆ ಬೀಳಿಸಿ, "ಇದು ಎರಕದ್ದು ಮೇಷ್ಟ್ರೇ, ಕಂಠ ಇಲ್ಲ" ಅಂದರು. ಭೂತಗನ್ನಡಿಯಲ್ಲಿ ನೋಡಿದರೆ ಮೈಯೆಲ್ಲ ಸೂಜಿ ಚುಚ್ಚಿದಂಥ ಗುಳಿ, ಅಂಚಿನ ಸುತ್ತ ಅರದಿಂದ ಉಜ್ಜಿದ ಗೆರೆ. ಸುತ್ತಿಗೆ ಪೆಟ್ಟಿಗೆ ಹುಟ್ಟಿದ ಕಾಸು ಅಷ್ಟು ಸರಿಯಾಗಿ ನಡುಮಧ್ಯಕ್ಕೆ ಬರುವುದು ಕಮ್ಮಿ. ಸಾಮಾನ್ಯವಾಗಿ ಆನೆಯ ಸೊಂಡಿಲೋ ಬಾಲವೋ ಅಂಚಿನಾಚೆ ಹೋಗಿಯೇ ಇರುತ್ತದೆ.

ಇದಕ್ಕಿಂತ ಕಾಟ ಫೋನಿನದು. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಲಕ್ಷಾಂತರ ಕೊಡುತ್ತಾರಂತೆ, ಟ್ರ್ಯಾಕ್ಟರ್ ನೋಟಿಗೆ ಕೊಡುತ್ತಾರಂತೆ ಅಂತ ನನ್ನ ಭಾವಮೈದ ವಾರಕ್ಕೊಂದು ವಿಡಿಯೊ ಕಳಿಸುತ್ತಿದ್ದ. ಕೊನೆಗೆ ಅವನೇ ಯಾರಿಗೋ 'ನೋಂದಣಿ ಫೀಸು' ಅಂತ ಎರಡು ಸಾವಿರ ಹಾಕಿ ಸುಮ್ಮನಾದ. 2021ರಲ್ಲಿ ರಿಸರ್ವ್ ಬ್ಯಾಂಕೇ, ಹಳೇ ನೋಟು ನಾಣ್ಯಕ್ಕೆ ತಾವು ಫೀಸು ಕಮಿಷನ್ನು ಏನೂ ಕೇಳುವುದಿಲ್ಲ, ತಮ್ಮ ಹೆಸರು ಹೇಳುವವರನ್ನು ನಂಬಬೇಡಿ ಅಂತ ಪ್ರಕಟಣೆ ಕೊಟ್ಟಿತ್ತು. ಅದನ್ನು ಕಳಿಸಿದೆ, ಅವನು ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಅಕ್ಕಿಕಾಳನ್ನು ತನ್ನತ್ತ ಎಳೆಯುತ್ತದೆ ಅಂತ ನಂಬಿಸುವ ರೈಸ್ ಪುಲ್ಲಿಂಗ್ ನಾಣ್ಯ ಇದೆಯಾ ಅಂತ ಕೇಳಿಕೊಂಡು ಕಾರಿನಲ್ಲಿ ಬಂದವರೂ ಇದ್ದಾರೆ. ನನ್ನ ಆನೆಗಳು ಅಕ್ಕಿ ಎಳೆಯುವುದಿಲ್ಲ, ಕಬ್ಬು ಕೊಟ್ಟು ನೋಡಿ ಅಂದೆ.

ಪಾಯ ತೋಡುವಾಗ ಕುಡಿಕೆ ಸಿಕ್ಕಿದೆ, ಸದ್ದಿಲ್ಲದೆ ಬನ್ನಿ ಅಂದ ಹಳೇ ವಿದ್ಯಾರ್ಥಿಯೊಬ್ಬನಿಗೆ ಮಾತ್ರ ಗದರಿದೆ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅಂತ ನಮ್ಮಲ್ಲಿ 1962ರಿಂದಲೂ ಪ್ರತ್ಯೇಕ ಕಾಯಿದೆ ಇದೆ. ಕಾಯಿದೆಗಿಂತ ಹೆಚ್ಚಾಗಿ, ಆ ಕುಡಿಕೆಯಲ್ಲಿ ಯಾವ ಕಾಸಿನ ಪಕ್ಕ ಯಾವ ಕಾಸಿತ್ತು ಅನ್ನುವುದೇ ಒಂದು ಓಲೆ ಇದ್ದ ಹಾಗೆ. ಹಂಚಿಕೊಂಡರೆ ಹರಿದು ಹಂಚಿಕೊಂಡಂತೆ. ಅಮೆರಿಕದಲ್ಲಿರುವ ಅಣ್ಣನ ಮಗ ಗೃಹಪ್ರವೇಶಕ್ಕೆ ಒಂದು ಆನೆ ಕಾಸು ಕೇಳಿದ. ನೂರು ವರ್ಷ ದಾಟಿದ್ದನ್ನು ದೇಶದಾಚೆ ಕಳಿಸುವಂತಿಲ್ಲ. ಅವನಿಗೆ ಪೆನ್ಸಿಲ್ ಅಚ್ಚಿಗೆ ಕಟ್ಟು ಹಾಕಿಸಿ ಕೊಟ್ಟೆ.

ನನ್ನ ಹೆಂಡತಿಯದು ಬೇರೆ ಪಂಥ. ಅವಳ ಹತ್ತಿರ ಇಪ್ಪತ್ತು ಪೈಸೆಯ ಹಿತ್ತಾಳೆ ಬಣ್ಣದ ನಾಣ್ಯಗಳಿವೆ, ಕಮಲ ಇರುವಂಥದು. 1968ರಿಂದ ನಾಲ್ಕೇ ವರ್ಷ ಬಂದದ್ದು. ಅವಳ ತಾಯಿ ಒಂದೊಂದಾಗಿ ಎತ್ತಿಟ್ಟು 108 ಮಾಡಿದ್ದರು, ವರಮಹಾಲಕ್ಷ್ಮಿ ಹಬ್ಬಕ್ಕೆ ಹೂವಿನ ಬದಲು ಅವನ್ನೇ ಏರಿಸಿ ಅರ್ಚನೆ. ಅವಳು ಅವನ್ನು ಹುಣಸೆಹಣ್ಣಿನಲ್ಲೇ ತೊಳೆಯುತ್ತಾಳೆ. ಪ್ರತಿವರ್ಷ. ನಾನು ಏನಾದರೂ ಅನ್ನಲು ಬಾಯಿ ತೆರೆದರೆ, "ಇದು ದೇವರ ಕಾಸು ರೀ, ಹೊಳೀಬೇಕು. ನಿಮ್ಮವು ಮ್ಯೂಸಿಯಮ್ಮಿನವು, ಮಲ್ಕೊಂಡಿರ್ಲಿ" ಅನ್ನುತ್ತಾಳೆ. ಅವಳ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಹಬ್ಬದ ದಿನ ದೀಪದ ಬೆಳಕಿನಲ್ಲಿ ಆ ನೂರೆಂಟು ಕಮಲ ನೋಡಿದರೆ ನನ್ನ ಡಬ್ಬಿಯ ಕತ್ತಲೆ ನನಗೇ ಬೇಸರ ಬರಿಸುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ಆಸೆಬುರುಕತನವನ್ನೂ ಹೇಳಬೇಕು. ಟಿಪ್ಪುವಿನ ಕಡೆಗಾಲದ ಪೈಸೆಗಳಲ್ಲಿ ಆನೆಯ ಮೇಲೆ ವರ್ಷಕ್ಕೊಂದು ಫಾರ್ಸಿ ಅಕ್ಷರ ಇರುತ್ತದೆ. 1224ಕ್ಕೆ ಅಲಿಫ್, 1225ಕ್ಕೆ ಬೇ, 1226ಕ್ಕೆ ತೇ, 1227ಕ್ಕೆ ಸೇ. ನನಗೆ ಮೊದಲ ಮೂರು ಎರಡು ವರ್ಷದೊಳಗೆ ಸಿಕ್ಕಿದವು. ಅಲಿಫ್ ಆನೆ, ಬೇ ಆನೆ, ತೇ ಆನೆ ಅಂತ ಮೊಮ್ಮಗಳು ಅವಕ್ಕೆ ಹೆಸರಿಟ್ಟಳು. ಸೇ ಸಿಗಲಿಲ್ಲ. ಹೇಗೆ ಸಿಗಬೇಕು? ಆ ವರ್ಷ ಹುಟ್ಟಿ ಕಣ್ಣು ಬಿಡುವಷ್ಟರಲ್ಲಿ 1799ರ ಮೇ 4 ಬಂತು, ಪಟ್ಟಣ ಬಿತ್ತು. ಅಪರೂಪದ್ದು ಅಂತ ಗೊತ್ತಾದ ಮೇಲೆ ನನಗೆ ನಿದ್ದೆ ಬರದಾಯಿತು. ಆನೆ ನೋಡುವುದು ಬಿಟ್ಟು ಅಕ್ಷರ ನೋಡತೊಡಗಿದೆ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ ಯಾರದೋ ರಾಶಿಯನ್ನು ಅರ್ಧ ಗಂಟೆ ಕೆದಕಿ, ಸೇ ಇಲ್ಲ ಅಂತ ಕೈ ಒದರಿ ಎದ್ದುಬಂದವನಿಗೆ, ಆ ರಾಶಿಯಲ್ಲಿ ಯಾವ ಯಾವ ಆನೆ ಇತ್ತು ಅಂತ ಮನೆಗೆ ಬಂದಾಗ ಒಂದೂ ನೆನಪಿರಲಿಲ್ಲ.

ಕೊನೆಗೆ ಕೆ.ಜಿ. ರಸ್ತೆಯ ಶಿಕ್ಷಕರ ಸದನದಲ್ಲಿ ನಾಣ್ಯ ಪ್ರದರ್ಶನ ನಡೆದಾಗ ಒಬ್ಬ ವ್ಯಾಪಾರಿಯ ಹತ್ತಿರ ಸಿಕ್ಕಿತು. ಜೇಬಿನಲ್ಲಿ ಆರು ಸಾವಿರ ಇಟ್ಟುಕೊಂಡು ಹೋಗಿದ್ದೆ, ಮನೆಯಲ್ಲಿ ಹೇಳಿರಲಿಲ್ಲ. ಅವನು ಕೇಳಿದ್ದು ಐದೂವರೆ. ಕಪ್ಪು ಬಟ್ಟೆಯ ಮೇಲೆ ಇಟ್ಟು ದೀಪ ಹತ್ತಿರ ಎಳೆದ. ಅಕ್ಷರ ಇದೆ, ಸರಿ. ಆನೆ ಎಲ್ಲಿ? ಅಚ್ಚು ದಣಿದು ಮೊಂಡಾಗಿತ್ತೋ, ಹೊಡೆದವನು ಅವಸರದಲ್ಲಿದ್ದನೋ, ಹೊಟ್ಟೆಯ ಜಾಗದಲ್ಲಿ ಒಂದು ಗುಡ್ಡೆ, ಗುಡ್ಡೆಗೆ ನಾಲ್ಕು ಕಡ್ಡಿ. ಸೊಂಡಿಲು ಇಲ್ಲವೇ ಇಲ್ಲ. ಎರಡು ಸಲ ತಿರುಗಿಸಿ ನೋಡಿದೆ. ಕೊಳ್ಳುತ್ತೇನೆ ಅಂತ ಬಾಯಿಗೆ ಬಂದಿತ್ತು.

ಅಷ್ಟರಲ್ಲಿ ಪಕ್ಕದ ಪ್ಲಾಸ್ಟಿಕ್ ತಟ್ಟೆಯಲ್ಲಿ 'ಯಾವುದಾದರೂ 250' ಅಂತ ಚೀಟಿ ಅಂಟಿಸಿದ ಕಾಸುಗಳ ನಡುವೆ ಒಂದು ಬಹ್ರಾಮ್ ಕಂಡಿತು, ಬಿದನೂರು ನಗರದ ಅರ್ಧ ಪೈಸೆ. ಒಂದು ಅಂಚು ಕಚ್ಚಿ ತಿಂದಂತೆ ಹೋಗಿದೆ, ಹಿಂದಿನ ಬರಹ ಅರ್ಧ ಅಳಿಸಿದೆ. ಆನೆ ಮಾತ್ರ ನಡೆಯುತ್ತಿತ್ತು. ನಿಂತ ಆನೆಗಳನ್ನೇ ನೋಡಿದ್ದ ನನಗೆ ಅದರ ಮುಂಗಾಲು ಎತ್ತಿದ್ದು, ಭುಜ ಮುಂದಕ್ಕೆ ಜರುಗಿದ್ದು, ಬೆನ್ನು ಒಂದಿಷ್ಟು ಹಿಂದಕ್ಕೆ ವಾಲಿದ್ದು ಕಂಡು ಮೈ ಝುಂ ಅಂತು. ಹಿಂಗಾಲಿನ ಪೈಜಾಮ ಅಚ್ಚುಕಟ್ಟು. ಪಾದದ ಹತ್ತಿರ ಒಂದು ಉಬ್ಬುಗೆರೆ ಓರೆಯಾಗಿ ನೆಲದ ಕಡೆ ಹೋಗಿತ್ತು. "ಅದು ಅಚ್ಚು ಬಿರುಕು ಬಿಟ್ಟಿದ್ದು ಸಾರ್, ಅದಕ್ಕೇ ಕಮ್ಮಿ ರೇಟು" ಅಂದ ವ್ಯಾಪಾರಿ. ಇನ್ನೂರೈವತ್ತು ಕೊಟ್ಟು ಅದನ್ನು ತಗೊಂಡೆ. ಮೆಜೆಸ್ಟಿಕ್‌ವರೆಗೆ ನಡೆದು ಬರುವಾಗ ದಾರಿಯಲ್ಲಿ ಎರಡು ಸಲ ನಿಂತು ತೆಗೆದು ನೋಡಿದೆ. ಉಳಿದ ದುಡ್ಡಿನಲ್ಲಿ ಮನೆಗೆ ಮಿಕ್ಸಿ ಬಂತು. ಸೇ ಆನೆ ಈಗಲೂ ಇಲ್ಲ.

ಅಲ್ಲಿಂದೀಚೆಗೆ ಕೊಳ್ಳುವುದೂ ಕಮ್ಮಿ, ವರ್ಷಕ್ಕೆ ಎರಡೋ ಮೂರೋ. ಪ್ಲಾಸ್ಟಿಕ್ ಆಲ್ಬಮ್ ಬಿಟ್ಟೆ. ಅಗ್ಗದ ಪ್ಲಾಸ್ಟಿಕ್ ಒಂದೆರಡು ಬೇಸಿಗೆಗೆ ಜಿಗುಟಾಗಿ ಕಾಸಿಗೆ ಹಸಿರು ಹತ್ತಿಸುತ್ತದೆ. ಈಗ ಕಾಗದದ ಲಕೋಟೆ. ಹಿಟ್ಟಿನಂಥ ತಿಳಿಹಸಿರು ಪುಡಿ ಕಂಡರೆ ಆ ಕಾಸನ್ನು ಬೇರೆ ಇಡುತ್ತೇನೆ, ಅದು ಪಕ್ಕದವಕ್ಕೂ ಕೆಟ್ಟದ್ದು. ಮುಟ್ಟುವಾಗ ಅಂಚು ಹಿಡಿಯುವುದು, ಅಷ್ಟೇ.

ಟಿಪ್ಪುವಿನ ನಂತರದ ಆನೆಗಳೂ ನಾಲ್ಕು ಸೇರಿವೆ. ರಾಜ್ಯ ಹೋದರೂ ಆನೆ ಹೋಗಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲಿ ಅದರ ಮೇಲೆ ಸೂರ್ಯ ಚಂದ್ರ ಬಂದವು, ಆಮೇಲೆ ಕನ್ನಡದಲ್ಲಿ 'ಶ್ರೀ', ಆಮೇಲೆ 'ಶ್ರೀ ಚಾಮುಂಡಿ'. ಹಿಂದುಗಡೆ 'ಮಯಿಲಿ ಕಾಸು ೨೦' ಅಂತ ಕನ್ನಡ, ಜೊತೆಗೆ ಇಂಗ್ಲಿಷು, ಫಾರ್ಸಿ, ಮೂರೂ ಒತ್ತಿಕೊಂಡು ಕೂತಿವೆ. ಮುಂದೆ ಆನೆ ಜಾಗಕ್ಕೆ ಸಿಂಹ ಬಂತು. ಸಿಂಹ ನನಗೆ ಹಿಡಿಸಲಿಲ್ಲ. ಕೊರೆದವನು ಸಿಂಹ ನೋಡಿರಲಿಲ್ಲ, ಅದು ಗೊತ್ತಾಗುತ್ತದೆ.

ಹೋದ ದಸರೆಗೆ ಮೊದಲು ಮೈಸೂರಿಗೆ ಹೋಗಿದ್ದೆ. ಅರಮನೆ ಆವರಣದಲ್ಲಿ ಆನೆಗಳು ಬಂದು ಬಿಡಾರ ಹೂಡಿದ್ದವು. ಮಡಚಿದ ಲಕೋಟೆಯಲ್ಲಿ ಆ ನಡೆಯುವ ಬಹ್ರಾಮ್ ನನ್ನ ಜೇಬಿನಲ್ಲಿತ್ತು. ಹಿಂಗಾಲು ನೋಡಿ ಹೋಲಿಸಬೇಕು ಅಂತ ಹುಚ್ಚು. ಹಗ್ಗದ ಈಚೆ ನಿಂತು ಒಂದು ಆನೆಯ ಹಿಂಭಾಗವನ್ನೇ ಬಹಳ ಹೊತ್ತು ನೋಡುತ್ತಿದ್ದ ನನ್ನನ್ನು ಕಂಡು ಕಾವಾಡಿ ಹುಡುಗನೊಬ್ಬ ಹತ್ತಿರ ಬಂದ. ಎಲ್ಲರೂ ಮುಖದ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ, ನೀವೇನು ಈ ಕಡೆ ಅಂದ. ಕಾಸು ತೆಗೆದು ಅಂಗೈ ಮೇಲಿಟ್ಟೆ. ಅವನು ಮುಟ್ಟದೆ ಬಗ್ಗಿ ನೋಡಿದ. ಎಷ್ಟು ಬರುತ್ತದೆ ಅಂತ ಕೇಳುತ್ತಾನೆ ಅಂದುಕೊಂಡೆ.

"ಈ ಬಾಲ ಯಾಕೆ ಮೇಲಿದೆ ಹೇಳಿ ಸಾರ್?" ಅಂದ.

"ಸಂತೋಷಕ್ಕೆ?"

"ಇಲ್ಲ ಸಾರ್. ಗಾಬರಿ ಬಿದ್ದರೆ ಎತ್ತುತ್ತೆ. ಇಲ್ಲಾಂದ್ರೆ ಲದ್ದಿ ಹಾಕೋಕೆ." ನಕ್ಕ. ಆಮೇಲೆ ಇನ್ನೂ ಹತ್ತಿರ ಬಗ್ಗಿ, "ಇದು ನಡೀತಾ ಇಲ್ಲ. ಕಾಲು ಎಳೀತಾ ಇದೆ, ನೋಡಿ. ಹಿಂದೆ ಸರಪಳಿ ಐತೆ" ಅಂದ. ಬಿರುಕು ಅಂತ ವ್ಯಾಪಾರಿ ಹೇಳಿದ್ದ ಗೆರೆಯ ಮೇಲೆ, ಅರ್ಧ ಅಂಗುಲ ಎತ್ತರದಲ್ಲಿ, ಅವನ ಬೆರಳು ನಿಂತಿತ್ತು.

ರಾತ್ರಿ ಮನೆಗೆ ಬಂದು ಊಟಕ್ಕೆ ಮೊದಲು ಬಟರ್ ಪೇಪರು ಹಾಸಿದೆ. ಮೊದಲನೇ ಅಚ್ಚಿನಲ್ಲಿ ಗೆರೆ ನೇರ ಬಂತು, ಬಿರುಕಿನ ಹಾಗೆ. ಕಾಗದ ತಿರುಗಿಸಿ ಇನ್ನೊಂದು ದಿಕ್ಕಿನಿಂದ ಉಜ್ಜಿದಾಗ ಅದೇ ಗೆರೆ ಮೂರು ಕಡೆ ತುಂಡು ತುಂಡಾಗಿ ಬಂತು, ಕೊಂಡಿಗಳ ಹಾಗೆ. ಅನ್ನ ಆರುತ್ತಿದೆ ಅಂತ ಅಡುಗೆಮನೆಯಿಂದ ಎರಡು ಸಲ ಕೂಗು ಬಂತು. ಪೆನ್ಸಿಲ್ ಇನ್ನೊಂದು ಸ್ವಲ್ಪ ಚೂಪು ಮಾಡಿಕೊಂಡು ಮೂರನೇ ಹಾಳೆ ತೆಗೆದೆ.